ಕುಂಕುಮ ಹಚ್ಚಿದ್ದಕ್ಕೆ ಕಿತ್ತೊಯ್ದ ಫಲಕ

ರಸ್ತೆ ಫಲಕಗಳಿಗೆ ಅನುಮತಿ ಕೊಡುವ ಮಾನ್ಯ ಅಧಿಕಾರಿಗಳೇ,

ಬೆಟಗೇರಿಯ ಹುಣಸಿಮರದ ಓಣಿಯ ತಿರುವಿನಲ್ಲಿ ನಮ್ಮ ನಿವಾಸಿಗಳ ಸಂಘ ನೆಟ್ಟಿದ್ದ ‘ಮುಂದೆ ಶಾಲೆ ಇದೆ, ನಿಧಾನವಾಗಿ ಚಲಿಸಿ’ ಎಂಬ ಫಲಕವನ್ನು ಬುಧವಾರ ಬೆಳಿಗ್ಗೆ ನಿಮ್ಮ ಸಿಬ್ಬಂದಿ ಕಿತ್ತೊಯ್ದರು. ಸುದ್ದಿ ಮುಟ್ಟಿಸಿದವರು ಅದೇ ತಿರುವಿನಲ್ಲಿ ಸೊಪ್ಪು ಮಾರುವ ಗುರುಸಿದ್ದವ್ವ. ಕಾರಣವನ್ನೂ ಅವರೇ ಕೇಳಿಕೊಂಡು ಬಂದಿದ್ದರು: ಅದು ‘ಅನಧಿಕೃತ ಧಾರ್ಮಿಕ ಕಟ್ಟಡ’ವಂತೆ.

ಒಂದು ಕಬ್ಬಿಣದ ಕಂಬ ಕಟ್ಟಡವಾದದ್ದು ಹೀಗೆ. ಹೊಸದೇನು ನಿಲ್ಲಿಸಿದರೂ ಪೂಜೆಯಾಗಬೇಕು ಎಂದವರು ನಮ್ಮ ಸಂಘದ ಅಧ್ಯಕ್ಷ ದೇವೇಂದ್ರಪ್ಪ. ಅಮಾವಾಸ್ಯೆಯಂದು ಓಣಿಯ ಗಾಡಿಗಳ ಪೂಜೆಯ ಜೊತೆಗೆ ಕಂಬಕ್ಕೂ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದೆವು. ಮರುದಿನದಿಂದ ಟಿಪ್ಪರ್ ಚಾಲಕರು ಅಲ್ಲಿ ವೇಗ ತಗ್ಗಿಸತೊಡಗಿದರು. ಕೆಲವರು ಅಕ್ಷರ ಓದಿ, ಕೆಲವರು ಕೈಮುಗಿಯಲು. ನಮಗೆ ಎರಡೂ ಒಂದೇ ಆಗಿತ್ತು.

“ಯಪ್ಪಾ, ಅದು ದೇವರಲ್ಲೋ, ಬೋರ್ಡು! ಓದಾಕ ಬರೂದಿಲ್ಲೇನು?” ಎಂದು ಗುರುಸಿದ್ದವ್ವ ನಿಮ್ಮವರನ್ನು ಕೇಳಿದ್ದಾರೆ.

“ಮತ್ತ ಕುಂಕುಮ ಯಾಕ ಹಚ್ಚೀರಬೇ?”

“ನಿಮ್ಮ ಜೀಪಿಗೂ ಹಚ್ಚೀರಲ್ಲ, ಲಿಂಬಿಕಾಯಿನೂ ಕಟ್ಟೀರಿ. ಮೊದಲ ಅದನ್ನ ಹೊತ್ಕೊಂಡು ಹೋಗ್ರಿ!”

ಸಿಬ್ಬಂದಿ ನಕ್ಕರಂತೆ. ನಗುತ್ತಲೇ ಕಿತ್ತರಂತೆ.

ನಮ್ಮ ರಸ್ತೆಗೆ ಡಾಂಬರು ಬಿದ್ದಂದಿನಿಂದ ಮುಂಡರಗಿ ಕಡೆಯ ಟಿಪ್ಪರುಗಳು ಓಣಿಯನ್ನು ಒಳದಾರಿ ಮಾಡಿಕೊಂಡಿವೆ. ಸಂಕ್ರಾಂತಿಯ ಮರುದಿನ ನನ್ನ ಮಗಳು ತೃಪ್ತಿ ಶಾಲೆಗೆ ಹೋಗುವಾಗ ಅದೇ ತಿರುವಿನಲ್ಲಿ ಸೈಕಲ್ ಸಮೇತ ಒಂದಕ್ಕೆ ಸಿಕ್ಕಳು. ಕಾಲಿಗೆ ರಾಡು ಹಾಕಿದ್ದಾರೆ. ಫಲಕ ಬೇಕೆಂದು ಅರ್ಜಿ ಕೊಟ್ಟಾಗ, ಸಂಘಗಳು ಹಾಕುವಂತಿಲ್ಲ, ಸ್ಥಳ ಪರಿಶೀಲಿಸಿ ನಾವೇ ಹಾಕುತ್ತೇವೆ ಎಂದಿರಿ. ಪರಿಶೀಲಿಸಲು ಯಾರೂ ಬರಲಿಲ್ಲ. ಕೊನೆಗೆ ನಾವೇ ಹಾಕಿದೆವು, ಕೀಳಲು ಬಂದಿರಿ. ತಿರುವನ್ನೇ ಮರೆಮಾಡಿ ನಿಂತಿರುವ ಹುಟ್ಟುಹಬ್ಬದ ಫ್ಲೆಕ್ಸ್ ಮಾತ್ರ ಇಂದಿಗೂ ಅಲ್ಲೇ ಇದೆ. ಅದಕ್ಕೆ ಯಾರ ಅನುಮತಿ? ನಗುಮುಖಗಳಿಗೆ ಸಿಗುವ ಜಾಗ ಒಂದು ಸಾಲಿನ ಎಚ್ಚರಿಕೆಗೆ ಏಕೆ ಸಿಗುವುದಿಲ್ಲ?

ಫಲಕ ಹೋದ ಮರುದಿನವೇ ಎರಡು ಟಿಪ್ಪರುಗಳು ಅಲ್ಲಿ ಎದುರಾದವು. ಒಂದು ದೇವೇಂದ್ರಪ್ಪನವರ ಗೋಡೆಯನ್ನು ಸವರಿಕೊಂಡು ಹೋಯಿತು. ಗಾಡಿ ಬಂದಾಗ ಮಕ್ಕಳು ಬೆನ್ನು ಒತ್ತಿ ನಿಲ್ಲುವ ಗೋಡೆ ಅದು. ನಾನು ಹೋಗಿ ನೋಡಿದೆ. ಗೀರು ತೃಪ್ತಿಯ ಭುಜದ ಎತ್ತರಕ್ಕಿದೆ.

ಅವಳಿಗೆ ಇದ್ಯಾವುದನ್ನೂ ಹೇಳಿಲ್ಲ. ಈಗಷ್ಟೇ ಕೋಲು ಬಿಟ್ಟು ನಡೆಯುತ್ತಿದ್ದಾಳೆ. “ಬೋರ್ಡ್ ಅದ ಅಲ್ಲಪ್ಪಾ? ಹಂಗಾದ್ರ ನೀ ಬರೂದು ಬ್ಯಾಡ, ನಾ ಒಬ್ಬಾಕಿನೇ ಸಾಲಿಗೆ ಹೋಗ್ತೀನಿ” ಎನ್ನುತ್ತಾಳೆ. ಇದಕ್ಕೆ ಏನು ಉತ್ತರ ಕೊಡಲಿ, ನೀವೇ ಹೇಳಿ.

ನಮ್ಮ ಬೇಡಿಕೆ ದೊಡ್ಡದಲ್ಲ. ಅಳತೆ, ಬಣ್ಣ, ಜಾಗ ನೀವೇ ಗೊತ್ತುಮಾಡಿ. ಓಣಿಯ ಸಂಘಗಳು ತಮ್ಮ ರಸ್ತೆಗೆ ಸುರಕ್ಷತಾ ಫಲಕ ಹಾಕಿಕೊಳ್ಳಲು ಅನುಮತಿ ಕೊಡಿ. ನಮ್ಮದನ್ನು ಮರಳಿಸಿ. ಇನ್ನು ಪೂಜೆ ಮಾಡುವುದಿಲ್ಲ ಎಂದು ಬರೆದುಕೊಡಲು ದೇವೇಂದ್ರಪ್ಪನವರೂ ಒಪ್ಪಿದ್ದಾರೆ.

ಶಾಲೆಗಳು ಸೋಮವಾರ ಬೆಳಿಗ್ಗೆ ಪುನರಾರಂಭವಾಗುತ್ತವೆ.

ಇಂತಿ,
ಕುಂಕುಮ ಹಚ್ಚಿದವರಲ್ಲಿ ಒಬ್ಬನಾದ
ವಿಜಯೀಂದ್ರ
ಕಾರ್ಯದರ್ಶಿ, ಹುಣಸಿಮರದ ಓಣಿ ನಿವಾಸಿಗಳ ಸಂಘ, ಬೆಟಗೇರಿ