ಕ್ಯಾಂಪ್ ಎಂದರೆ ಏನೆಂಬುದರ ವಿವರಣೆ

ಜೋಗೇಶ್ವರಿ, ಮುಂಬಯಿ
೧೪ ಮೇ ೧೯೫೬

ಪೂಜ್ಯ ಮಾವನವರೇ, ಅತ್ತೆಯವರೇ, ಈ ಪತ್ರ ಕೇಳಲು ಪಡಸಾಲೆಯಲ್ಲಿ ಕಿಕ್ಕಿರಿದು ನೆರೆದ ಸಮಸ್ತ ಬಂಧುಗಳೇ! ಗದಿಗೆಪ್ಪನ ನಮಸ್ಕಾರಗಳು.

‘ಪವಾಯಿ ಕೆರೆಯ ದಂಡೆಗೆ ಎರಡು ದಿನ ಕ್ಯಾಂಪ್ ಹಾಕಿದೆವು’ ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಲಗ್ನದಲ್ಲಿ ಕೊಟ್ಟ ಮಾತು ಮುರಿದು, ಗೋದಾಮಿನ ನೌಕರಿ ಬಿಟ್ಟು, ನಾನು ಮತ್ತೆ ನಾಟಕ ಕಂಪನಿ ಸೇರಿದೆನೆಂದು ತಿಳಿದಿರಿ. ಮಗಳು ಮಲ್ಲವ್ವನನ್ನು ಕರೆದೊಯ್ಯಲು ಬರುತ್ತೇನೆಂದಿರಿ. ಅಯ್ಯೋ ವಿಧಿಯೇ! ಕಂಪನಿಗೆ ಕ್ಯಾಂಪ್ ಎಂದರೆ ನಾಟಕವಾಡುವ ಊರಿನ ಮುಕ್ಕಾಮು. ಇಲ್ಲಿಯವರಿಗೆ ಡೇರೆ ಹೊಡೆದು ಹಾಯಾಗಿ ಮಲಗುವುದು!

ಈ ಸೆಕೆಯಲ್ಲಿ ಅಲ್ಲಿ ನಾವಿಬ್ಬರು, ಕೂಸು ಮತ್ತು ನಾಲ್ಕು ಎಮ್ಮೆಗಳನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಒಂದೇ ಒಂದು ರಂಗಗೀತೆ ಹಾಡಿದ್ದು ನಿಜ. ‘ಸಾಕ ಮಾಡ್ರಿ ರಾಜಾಧಿರಾಜ, ಎಮ್ಮಿ ಹೆದರಿ ನೀರಿಗೆ ಇಳದಾವು!’ ಎಂದು ಮಲ್ಲವ್ವ ಬಿದ್ದು ಬಿದ್ದು ನಕ್ಕಳು. ಈ ಚಾಳಿನ ಒಂದೇ ಕೋಣೆಯ ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ಈಗ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ: ‘ಅಪ್ಪಾ, ಕರಕೊಂಡ ಹೋಗಾಕ ಬರಬ್ಯಾಡ. ಎಂಟ ದಿನ ಇರಾಕ ಬಾ. ಬರೋವಾಗ ಶೇಂಗಾ ಚಟ್ನಿ ತಾ.’

ನಾಳೆ ಬೆಳಿಗ್ಗೆ ಈ ಪತ್ರವನ್ನು ಅವಳ ಕೈಯಿಂದಲೇ ಟಪಾಲು ಡಬ್ಬಿಗೆ ಹಾಕಿಸಿ, ಎಂಟರ ಲೋಕಲ್ ಹಿಡಿದು ಗೋದಾಮಿಗೆ ಹೋಗುತ್ತೇನೆ.

ನಿಮ್ಮ ಅಳಿಯ,
ಗದಿಗೆಪ್ಪ