ಲೇಸಿನ ಕೊರಳಪಟ್ಟಿ

ಡಿಸೆಂಬರ್ 28, ಭಾನುವಾರ

ಮಗುವಿನ ಕತ್ತಿನ ಆ ಕೆಂಪು ಗೆರೆ ಕಣ್ಣಿಂದ ಹೋಗುತ್ತಿಲ್ಲ.

ರಜೆಗೆ ಮನೆಮಂದಿಯೆಲ್ಲ ಸೇರುತ್ತಾರೆ, ಮೊಮ್ಮಗಳು ಮಿಂಚಬೇಕು ಎಂದು ನಾನೇ ಹೊಲಿದ ಲೇಸಿನ ಅಂಗಿ. ಮೂವತ್ತು ವರ್ಷದ ದರ್ಜಿ ನಾನು. ಯಾರ ಮಗುವಿನ ಬಟ್ಟೆಯೇ ಆಗಲಿ, ಒಳಮಗ್ಗುಲನ್ನು ನನ್ನ ಕೆನ್ನೆಗೆ ಉಜ್ಜಿ ನೋಡದೆ ಕೊಟ್ಟವನಲ್ಲ. ಇದನ್ನು ಮಾತ್ರ ಇಸ್ತ್ರಿ ಮಾಡಿ, ಹೊರಗಿನಿಂದ ನೋಡಿ ಬೀಗಿದೆ.

ತೊಡಿಸಿದಾಗಿನಿಂದ ಒಂದೇ ಅಳು. "ಹಲ್ಲು ಬರ್ತಿರಬೇಕು" ಎಂದಳು ಹೆಂಡತಿ.

"ಬಿಚ್ಚಿಬಿಡ್ಲಾ ಮಾವ? ಪಾಪ, ಏನೋ ಚುಚ್ತಿದೆ" ಎಂದಳು ಸೊಸೆ.

"ನಾನು ಹೊಲ್ದಿದ್ದು ಚುಚ್ಚುತ್ತಾ? ಒಂದು ಫೋಟೋ ಆಗ್ಲಿ ತಾಯಿ" ಎಂದೆ.

ಎಲ್ಲರೂ ಹೊಲಿಗೆಯನ್ನು ಹೊಗಳುತ್ತಿದ್ದರು. ಒಂದು ಎಂದದ್ದು ಹತ್ತು ಫೋಟೋ ಆಯಿತು.

ಬಿಚ್ಚಿದರೆ ಕತ್ತಿನ ಸುತ್ತ ಗೀರು. ಸೊಸೆ ಒಗೆದೊಗೆದು ಮೆತ್ತಗಾದ ಹಳೆಯ ಅಂಗಿ ತಂದು ಹಾಕಿದಳು.

ಈಗ ಆ ಕೊರಳಪಟ್ಟಿಯ ಒಳಮಗ್ಗುಲನ್ನು ಕೆನ್ನೆಗೆ ಉಜ್ಜಿಕೊಂಡೆ. ನನ್ನ ಈ ಒರಟು ಚರ್ಮಕ್ಕೇ ಉರಿಯಿತು.

ಆಗ ಸೊಸೆ ಹಳೆಯ ಅಂಗಿ ಹಾಕಿದ್ದೇ ತಡ, ಕೂಸು ಅಳು ನಿಲ್ಲಿಸಿ, ಅಷ್ಟು ಜನರ ನಡುವೆ ನನ್ನ ಕಡೆಗೇ ಕೈ ಚಾಚಿ ನಕ್ಕಿತು. ಯಾವ ಮುಖ ಇಟ್ಟುಕೊಂಡು ಎತ್ತಿಕೊಳ್ಳಲಿ ನಾನು ಅದನ್ನು...