ಮರ ಕಡಿಯುವ ಮೊದಲು ಚೌಡ ಕೇಳಿದ್ದು

ಮುಟ್ಟಳ್ಳಿ, ಭಟ್ಕಳ
ತಾ. ೨೮-೫-೧೯೬೨, ಸೋಮವಾರ

ವೆಂಕಟನ ಅಪ್ಪನವರಿಗೆ ಮಾಸ್ತಮ್ಮ ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕೆಮ್ಮು ಕಡಿಮೆಯಾಯಿತೇ? ಕಾಳುಮೆಣಸಿನ ಕಷಾಯ ಮಾಡಿಕೊಂಡು ಕುಡಿಯಿರಿ ಎಂದರೆ ಹೋಟೆಲಿನ ಕೆಲಸದವನಿಗೆ ಪುರುಸೊತ್ತೆಲ್ಲಿ ಎನ್ನುತ್ತೀರಿ. ಇಡೀ ಮುಂಬಯಿಗೆ ಚಹಾ ಕಾಸುವವರಿಗೆ ತಮ್ಮದೊಂದು ಲೋಟ ಕಾಸಿಕೊಳ್ಳಲು ಏನು ಧಾಡಿ? ವೆಂಕಟನ ಕಾಲಿನ ಹುಣ್ಣು ಒಣಗಿದೆ. ಲಚ್ಚಿಗೆ ಮುಂದಿನ ಎರಡು ಹಲ್ಲು ಬಿದ್ದು, ನಗುವಾಗ ಥೇಟ್ ನಿಮ್ಮ ಅಜ್ಜಿಯೇ. ಅತ್ತೆಯವರಿಗೆ ಮೋಡ ಕಂಡ ದಿನದಿಂದ ಮಂಡಿನೋವು ಜೋರು, ಬಾಯಿ ಮಾತ್ರ ಎಂದಿನಂತೆ ಗಟ್ಟಿಯಿದೆ.

ಮಳೆಗಾಲಕ್ಕೆ ಮುಂಚಿನ ಕೆಲಸ ಮುಕ್ಕಾಲು ಮುಗಿಯಿತು. ಪಡುವಣ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿದ್ದೇವೆ, ಕಳೆದ ವರ್ಷದ ಹಾಗೆ ಎರಚಲು ಹೊಡೆದು ಮಣ್ಣು ಕರಗಲಾರದು. ಹಿತ್ತಿಲ ಗಟಾರದಲ್ಲಿ ತುಂಬಿದ್ದ ಹೂಳನ್ನು ಆಚೆಮನೆಯ ಕುಪ್ಪ ಬಂದು ಎತ್ತಿಕೊಟ್ಟ. ಮಲ್ಲಿಗೆ ಗಿಡಗಳ ಬುಡಕ್ಕೆ ಮಣ್ಣು ಏರಿಸಿದೆ, ನೀರು ನಿಂತರೆ ಬೇರು ಕೊಳೆತುಹೋಗುತ್ತದೆ. ಬೂದಿಯಲ್ಲಿ ಬೆರೆಸಿಟ್ಟ ಬೆಂಡೆ, ಹೀರೆ ಬೀಜಕ್ಕೆ ಹುಳ ಬಿದ್ದಿಲ್ಲ. ನೆಲ ತಣಿದ ಮೇಲೆ ಹಾಕುತ್ತೇನೆ. ಕಟ್ಟಿಗೆಯನ್ನೆಲ್ಲ ಒಳಗೆ ಪೇರಿಸಿದ್ದಾಯಿತು. ಮುಖ್ಯ ಸಂಗತಿ ಬರೆಯಲು ಕೈ ಬಾರದೆ ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದು ಇಷ್ಟರಲ್ಲಿ ನಿಮಗೆ ಗೊತ್ತಾಗಿರಬೇಕು. ಅಡಿಗೆಮನೆಯ ಮೇಲೆ ವಾಲಿದ್ದ ತೆಂಗಿನ ಮರವನ್ನು ನಿನ್ನೆ ಕಡಿಸಿದೆವು.

ಸಿಟ್ಟಾಗಬೇಡಿ. ಎರಡು ಕಾಗದದಲ್ಲಿ ಆ ಮರದ ವಿಷಯ ಬರೆದೆ. ಹಲಸಿನ ಮರಕ್ಕೆ ತಂತಿ ಎಳೆದು ಕಟ್ಟಿದ್ದೇನಲ್ಲ, ಏನೂ ಆಗುವುದಿಲ್ಲ ಎಂದು ಉತ್ತರ ಕೊಟ್ಟಿರಿ. ದೂರದ ಬೆಟ್ಟ ನುಣ್ಣಗೆ. ಮುಂಬಯಿಯಿಂದ ನೋಡಿದರೆ ವಾಲಿದ ಮರವೂ ನೆಟ್ಟಗೇ ಕಾಣುತ್ತದೆ. ಇಲ್ಲಿ ತಂತಿ ತುಕ್ಕು ಹಿಡಿದಿತ್ತು, ಬುಡದಲ್ಲಿ ಮುಷ್ಟಿ ಹೋಗುವಷ್ಟು ನೆಲ ಬಿರಿದಿತ್ತು. ಅತ್ತೆಗೆ ಹೇಳಿದರೆ, ಮಾವನವರು ನೆಟ್ಟ ಮರ, ಗೊನೆ ತುಂಬ ಕಾಯಿ ಕೊಡುವ ಮರ, ಅದನ್ನು ಕಡಿಯುವುದೆಂದರೆ ಹೆತ್ತವಳನ್ನು ಕಡಿದ ಹಾಗೆ ಎಂದು ನನ್ನ ಮೇಲೇ ಹರಿಹಾಯ್ದರು. ಬುಧವಾರ ಸಂಜೆ ಗುಡುಗು ಗಾಳಿ ಎದ್ದಿತು. ಮರ ಕರಕ್ ಎಂದದ್ದು ಜಗುಲಿಗೆ ಕೇಳಿಸಿತು. ತಂತಿ ಹರಿದೇ ಹೋಯಿತು. ಒಂದು ಗೊನೆ ಹುಲ್ಲಿನ ಮಾಡನ್ನು ತೂತುಮಾಡಿಕೊಂಡು ಒಲೆಯ ಪಕ್ಕ ಬಿತ್ತು. ಲಚ್ಚಿ ಅಲ್ಲೇ ಕೂತು ಗಂಜಿ ಕುಡಿಯುತ್ತಿದ್ದವಳು ಬಟ್ಟಲು ಹಿಡಿದುಕೊಂಡು ಆಗಷ್ಟೇ ಬಾಗಿಲು ದಾಟಿದ್ದಳು. ಅತ್ತೆ ಬಿದ್ದ ಕಾಯಿಗಳ ಕಡೆ ನೋಡಲೇ ಇಲ್ಲ. ಮೊಮ್ಮಗಳ ತಲೆಯನ್ನು ಬಹಳ ಹೊತ್ತು ಸವರುತ್ತಿದ್ದು, ಮರ ಕಡಿಯುವ ಚೌಡನಿಗೆ ಹೇಳಿಕಳಿಸು ಎಂದರು.

ಇನ್ನು ಮುಂದಿನದು ನಿಮಗೊಬ್ಬರಿಗೇ. ಶಿವರಾತ್ರಿಗೆ ಬಂದು ಹೋದಿರಲ್ಲ, ನನಗೀಗ ಮೂರನೇ ತಿಂಗಳು. ಅತ್ತೆಗೆ ಹೇಳಿಲ್ಲ. ಬಸುರಿ ಇರುವ ಮನೆಯಲ್ಲಿ ಫಲದ ಮರ ಕಡಿಯಬಾರದು, ಕಂಬ ನೆಡಬಾರದು ಎನ್ನುವುದು ನಿಮಗೂ ಗೊತ್ತು. ಹಿಂದಿನ ಸಲ ಐದನೇ ತಿಂಗಳಿಗೆ ಹೋದದ್ದು ಕೊಟ್ಟಿಗೆಗೆ ಕಂಬ ನೆಡಿಸಿದ್ದರಿಂದಲೇ ಎಂದು ಅತ್ತೆ ಇವತ್ತಿಗೂ ಆ ಕಂಬಕ್ಕೆ ಬೆನ್ನು ಹಾಕಿಯೇ ಹಾಲು ಕರೆಯುತ್ತಾರೆ. ಹೇಳಿದೆನೋ, ಮರ ಉಳಿಯುತ್ತದೆ, ಮಳೆಗಾಲವಿಡೀ ಮಕ್ಕಳಿಬ್ಬರು ಅದರ ಕೆಳಗೆ. ಹೇಳದಿದ್ದರೆ ಹೊಟ್ಟೆಯಲ್ಲಿರುವುದರ ಗತಿ ಏನೋ. ಅತ್ತ ದರಿ, ಇತ್ತ ಪುಲಿ. ನಾಲ್ಕನೇ ಇಯತ್ತೆ ಓದಿದವಳು, ಇದನ್ನೆಲ್ಲ ನಂಬುವುದಿಲ್ಲ ಎಂದು ಧೈರ್ಯವಾಗಿ ಬರೆಯಬೇಕೆಂದಿದ್ದೆ. ಬರೆಯಲಾರೆ. ನಂಬುತ್ತೇನೋ ಇಲ್ಲವೋ ತಿಳಿಯದು, ಹೆದರಿಕೆಯಂತೂ ಆಗುತ್ತದೆ.

ನಿನ್ನೆ ಬೆಳಿಗ್ಗೆ ಚೌಡ ಆರು ಜನರನ್ನು ಕರೆದುಕೊಂಡು ಬಂದ. ಕೊಡಲಿ ನೆಲಕ್ಕಿಟ್ಟು, ಮರವನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಅತ್ತೆಯ ಕಡೆ ತಿರುಗಿ, ಯಾರ ಮನೆಯಲ್ಲಾದರೂ ಮರ ಕಡಿಯುವ ಮೊದಲು ಕೇಳುವುದನ್ನೇ ಕೇಳಿದ.

"ಮನೇಲಿ ಬಸ್ರಿ ಹೆಂಗ್ಸು ಯಾರಾದ್ರೂ ಇದ್ರಾ? ಇದ್ರೆ ನಾ ಕೊಡ್ಲಿ ಮುಟ್ಟುದಿಲ್ಲ."

ಅತ್ತೆ ನನ್ನನ್ನು ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಇನ್ನೂ ಸ್ವಲ್ಪ ಹೊತ್ತು ನೋಡಿದರು.

"ಯಾರೂ ಇಲ್ಲ. ಕಡಿ," ಎಂದರು.

ಆತು ಎಂದು ಚೌಡ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹತ್ತಿದ. ಅವನ ಭಾರಕ್ಕೇ ಬುಡದ ಮಣ್ಣು ಏಳುತ್ತಿತ್ತು. ತುದಿಗೆ ಹಗ್ಗ ಬಿಗಿದು ಇಳಿದ. ಆರೂ ಜನ ಹಗ್ಗವನ್ನು ಬಾವಿಯ ಕಡೆಗೆ ಎಳೆದು ಹಿಡಿದರು, ಚೌಡ ಕೊಡಲಿ ಹಾಕಿದ. ನಾನು ಬಚ್ಚಲ ಗೋಡೆಗೆ ಒರಗಿ ಎರಡೂ ಕೈಯಿಂದ ಹೊಟ್ಟೆ ಒತ್ತಿಕೊಂಡು ನಿಂತಿದ್ದೆ. ಒಂದೊಂದು ಏಟಿಗೂ ಇನ್ನು ಸಾಕು, ಇನ್ನು ಸಾಕು ಎನ್ನಿಸುತ್ತಿತ್ತು. ಅರ್ಧ ಕಡಿದಾಗ ಮರ ಮನೆಯ ಕಡೆಗೇ ತಿರುಗಿತು. ಚೌಡ ಕೂಗಿದ, ಎಳೆಯುವವರ ಕಾಲು ಮಣ್ಣಿನಲ್ಲಿ ಜಾರಿತು. ಮತ್ತೆ ಹೇಗೋ ಸಾವರಿಸಿಕೊಂಡು ಎಳೆದರು. ಮರ ಎರಡು ಮಲ್ಲಿಗೆ ಗಿಡ ಮತ್ತು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿತ್ತು. ಮನೆಯ ಒಂದು ಹುಲ್ಲುಕಡ್ಡಿಯೂ ಅಲ್ಲಾಡಲಿಲ್ಲ. ಎಲ್ಲರೂ ಮಜ್ಜಿಗೆ ಕುಡಿದು ನಗುತ್ತ ಹೋದರು.

ನನಗೆ ಮಾತ್ರ ನಿನ್ನೆಯಿಂದ ಅನ್ನ ಸೇರುತ್ತಿಲ್ಲ. ದೇವರ ಮುಂದೆ ದೀಪ ಹಚ್ಚದೆ ನೀರೂ ಮುಟ್ಟದ ಹೆಂಗಸಿನ ಬಾಯಲ್ಲಿ ಸುಳ್ಳು ಹೇಳಿಸಿಬಿಟ್ಟೆ. ತಿಂಗಳು ಕಳೆದರೆ ಅವರಿಗೆ ತಿಳಿಯದೆ ಇರುವುದಿಲ್ಲ. ಆಗ ಏನು ಹೇಳಲಿ? ಇನ್ನು ಹೊಟ್ಟೆಯಲ್ಲಿರುವುದಕ್ಕೆ ಏನಾದರೂ ಆದರೆ ಊರೆಲ್ಲ ನನ್ನನ್ನೇ ಬೆರಳು ಮಾಡಿ ತೋರಿಸಲಿ, ನೀವಾದರೂ ನೀನೇ ಮಾಡಿಕೊಂಡೆ ಎನ್ನಬೇಡಿ. ಅದೊಂದನ್ನೇ ಬೇಡಿಕೊಳ್ಳುತ್ತೇನೆ.

ಮಾಡಿನ ತೂತಿಗೆ ಹೊಸ ಹುಲ್ಲು ಹೊದಿಸಿದ್ದಾಗಿದೆ. ಮಕ್ಕಳ ನಮಸ್ಕಾರ, ಅತ್ತೆಯವರ ಆಶೀರ್ವಾದ. ಕಷಾಯ ಮರೆಯಬೇಡಿ.

ನಿಮ್ಮ
ಮಾಸ್ತಮ್ಮ

ತಾ. ಕ.: ಕುಪ್ಪ ಟಪ್ಪಾಲಿಗೆ ಹಾಕಲು ಬಾಗಿಲಲ್ಲೇ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕಾಗದ ಮಡಿಸಿಟ್ಟು ಬಾವಿಯಿಂದ ನೀರು ತರಲು ಹೋಗಿದ್ದೆ. ಅತ್ತೆ ಬಂದು ನನ್ನ ಕೈಯಿಂದ ಕೊಡ ಕಿತ್ತುಕೊಂಡರು, ಮೂರು ತುಂಬುವವರೆಗೆ ಭಾರ ಎತ್ತುವುದು ಬೇಡ ಎಂದರು. ಹದಿನೈದು ದಿನದಿಂದ ಅವರಿಗೆ ಗೊತ್ತಿತ್ತಂತೆ. ನಾನು ಬೆಳಿಗ್ಗೆ ಹಿತ್ತಿಲಿಗೆ ಹೋಗಿ ಕಕ್ಕುವುದು ಕೇಳಿಸುತ್ತಿತ್ತಂತೆ. ಹಾಗಾದರೆ ಚೌಡನಿಗೆ ಯಾಕೆ ಇಲ್ಲ ಎಂದಿರಿ ಎಂದು ಕೇಳಿದೆ. "ನೀ ತಲೆ ಆಡ್ಸಿದ್ದು ಅಷ್ಟೇ. ಬಾಯಲ್ಲಿ ಹೇಳ್ದವ್ಳು ನಾನು. ದೋಷ ತಾಗುದಾದ್ರೆ ನಂಗೆ ತಾಗ್ಲಿ, ನಂದೆಲ್ಲ ಆತು," ಎಂದರು. ಬೆಳಗಿನಿಂದ ಅವರೂ ಗಂಜಿ ಮುಟ್ಟಿಲ್ಲ. ನನಗೀಗ ನನ್ನ ಹೊಟ್ಟೆಗಿಂತ ಅವರದೇ ಹೆದರಿಕೆ ಹತ್ತಿದೆ. ಈ ಸಲದ ಕಾಗದ ನನಗೆ ಬೇಡ, ಅವರ ಹೆಸರಿಗೆ ಬರೆಯಿರಿ. ಓದಿ ಹೇಳುವವಳು ನಾನೇ ಆದರೂ, ಕಡಿಸಿದ್ದು ಸರಿಯಾಯಿತು ಎಂದು ಮಗ ಬರೆದದ್ದು ಅವರಿಗೆ ಬೇಕು.